ಗಿಳಿಯ ಊಟದ ಚರಿತ್ರೆ

ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣಭಟ್ಟನು ‘ಕಾದಂಬರಿ’ಯನ್ನು ರಚಿಸಿದನು. ಸುಮಾರು 1000 ವರ್ಷಗಳ ಹಿಂದೆ ನಾಗವರ್ಮನು ಅದನ್ನು ಕನ್ನಡಕ್ಕೆ ತಂದನು. ಅದರಲ್ಲಿ ಶೂದ್ರಕ ರಾಜನು ವೈಶಂಪಾಯನನೆಂಬ ಗಿಳಿಯ ಕಥೆಯನ್ನು ಕೇಳುವ ಮೊದಲು ಊಟವಾಯಿತೇ ಎಂದು ವಿಚಾರಿಸುತ್ತಾನೆ. ನೇರಳೆಯ ರಸ, ದಾಳಿಂಬೆಯ ಕಾಳು, ನೆಲ್ಲಿಕಾಯಿ ಎಲ್ಲವನ್ನೂ ಸವಿದೆನೆಂದು ಗಿಳಿ ಉತ್ತರಿಸುತ್ತದೆ.

ನನ್ನ ಬಾಲ್ಯದ ರಬಕವಿಯಲ್ಲಿ ಮಗ್ಗದ ಮನೆಯ ಪಡಸಾಲೆಯಲ್ಲಿಯೂ ಗಿಳಿಯ ಪಂಜರ ತೂಗುತ್ತಿತ್ತು. ಅಜ್ಜಿ ತಾನು ತಿನ್ನುವ ಪೇರಲದಲ್ಲಿಯೇ ಒಂದು ಹೋಳನ್ನು ಅದಕ್ಕೆ ಕೊಡುತ್ತಿದ್ದಳು. ತೊಳೆಯುವ ಮಾತೇ ಇರಲಿಲ್ಲ; ಹಿತ್ತಲಿನ ಹಣ್ಣಿಗೆ ಔಷಧಿ ಬಿದ್ದಿರಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು ಇಂದು ಅಪರಾಧ. ಈಗ ಮನೆಗಳಲ್ಲಿ ಕಾಣುವುದು ಹೆಚ್ಚಾಗಿ ಆಸ್ಟ್ರೇಲಿಯ ಮೂಲದ ಬಜರಿಗಾರ್. ನನ್ನ ಮೊಮ್ಮಗಳೂ ಒಂದನ್ನು ಸಾಕಿದ್ದಳು. ಕಳೆದ ವರ್ಷ ಪೇಟೆಯ ದ್ರಾಕ್ಷಿಯನ್ನು ತೊಳೆಯದೆ ಹಾಕಿದಳು. ಮರುದಿನ ಹಕ್ಕಿ ಸತ್ತಿತು. ದ್ರಾಕ್ಷಿಯೇ ಕಾರಣವೆಂದು ಖಚಿತವಾಗಿ ಹೇಳಲಾರೆ. ಆದರೆ ಬೂಜುರೋಗಕ್ಕೆ ಅಂಜಿ ದ್ರಾಕ್ಷಿಗೆ ಮೇಲಿಂದ ಮೇಲೆ ಔಷಧಿ ಹೊಡೆಯುವುದನ್ನು ಬಲ್ಲ ನಾನು ಪಕ್ಕದಲ್ಲಿದ್ದೂ ಸುಮ್ಮನಿದ್ದೆ. ಆ ತಪ್ಪು ಮಗುವಿನದಲ್ಲ, ನನ್ನದು.

ಆದುದರಿಂದ ಹಕ್ಕಿ ಸಾಕಿರುವ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ: ಹಣ್ಣನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸೇಬಿನ ಬೀಜ ತೆಗೆಯಿರಿ. ಬೆಣ್ಣೆಹಣ್ಣು ಹಕ್ಕಿಗೆ ವಿಷ, ಕೊಡಲೇಬೇಡಿ. ತಿಂದುಳಿದ ಹೋಳನ್ನು ಒಂದೆರಡು ತಾಸಿನಲ್ಲಿ ತೆಗೆದುಹಾಕಿ. ಪಂಜರ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಿರಿ. ಹಕ್ಕಿಯ ಕೆಲವು ರೋಗಗಳು ಮನುಷ್ಯರಿಗೂ ತಗಲುತ್ತವೆ.

ಊಟವಾಯಿತೇ ಎಂದು ಕೇಳಿದರೆ ಶೂದ್ರಕನ ಕಾಲಕ್ಕೆ ಸಾಕಾಗಿತ್ತು. ನಮ್ಮ ಕಾಲದಲ್ಲಿ ಹಣ್ಣು ತೊಳೆದಿರಾ ಎಂದೂ ಕೇಳಬೇಕು.