‘ಗಾಡಿ ನಿಂದೇ ಐತಿ, ಹಪ್ತಾ ತುಂಬು’: ಅಮೆರಿಕದ ಟ್ರಕ್ ಚಾಲಕರ ಇತಿಹಾಸದಿಂದ ನಮಗೊಂದು ಪಾಠ



ಈ ಸಲದ ಸ್ಮರಣ ಸಂಚಿಕೆಗೆ ಇತಿಹಾಸದ ಮೇಲೆ ಏನಾದರೂ ಬರಿ ಅಂತ ಸಂಘದ ಅಣ್ಣಂದಿರು ಹೇಳಿದಾಗ ನನಗೆ ಮೊದಲು ನೆನಪಾದವರು ನಮ್ಮ ಕಾಕಾ. ಹದಿನೈದು ವರ್ಷ ಟ್ರಕ್ ಹೊಡೆದವರು ಅವರು. ಸೋಲಾಪುರ, ವಿಜಯಪುರ, ಪುಣೆ, ಹೈದರಾಬಾದ್ ಎಲ್ಲಾ ಅವರಿಗೆ ಮನೆ ಅಂಗಳ ಇದ್ದಂಗ. ನಾನು ಸಣ್ಣವನಿದ್ದಾಗ ಅವರ ಮಾಲೀಕ ಒಂದಿನ, “ಎಷ್ಟು ದಿನ ಅಂತ ಪಗಾರದ ಮ್ಯಾಲೆ ದುಡೀತಿ? ಈ ಗಾಡಿ ನೀನೇ ಇಟ್ಕೋ. ಹಪ್ತಾ ತುಂಬು, ಗಾಡಿ ನಿಂದೇ” ಅಂದನಂತೆ. ಅವತ್ತು ನಮ್ಮ ಮನೆಯಲ್ಲಿ ಪೇಢೆ ಹಂಚಿದ್ದು ನನಗೆ ಇನ್ನೂ ನೆನಪೈತಿ. ಎರಡು ವರ್ಷದ ಮೇಲೆ ಗಾಡಿಯೂ ಹೋಯಿತು, ತುಂಬಿದ ಹಪ್ತಾನೂ ಹೋಯಿತು. ಆರ್‌ಸಿ ಬುಕ್ಕಿನಲ್ಲಿ ಕೊನೆತನಕ ಕಾಕಾನ ಹೆಸರು ಬರಲೇ ಇಲ್ಲ.

ಇದು ನಮ್ಮ ಮನೆಯವರ ನಸೀಬು ಅಂತ ಬಹಳ ದಿನ ತಿಳಿದಿದ್ದೆ. ಬಿ.ಎ. ತರಗತಿಯಲ್ಲಿ ಅಮೆರಿಕದ ಇತಿಹಾಸ ಓದುವಾಗ ರೂಸ್ವೆಲ್ಟರ ‘ನ್ಯೂ ಡೀಲ್’ ಪಾಠ ಬಂತು. ಅದರ ಬೆನ್ನು ಹತ್ತಿ ಓದುತ್ತಾ ಹೋದಾಗ ಅಲ್ಲಿನ ಟ್ರಕ್ ಚಾಲಕರ ಕಥೆ ಸಿಕ್ಕಿತು. ಓದಿ ನಾನು ದಂಗಾದೆ. ಏಳು ಸಮುದ್ರದ ಆಚೆಯ, ಜಗತ್ತಿನ ಶ್ರೀಮಂತ ದೇಶದ ಚಾಲಕನಿಗೂ ಅದೇ ಮಾತು ಹೇಳಿದ್ದರು: ಹಪ್ತಾ ತುಂಬು, ಗಾಡಿ ನಿಂದೇ! ಹಂಗಾದರೆ ಇದು ನಸೀಬಲ್ಲ, ಒಂದು ಪದ್ಧತಿ. ಪದ್ಧತಿಗೆ ಇತಿಹಾಸ ಇರುತ್ತದೆ. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಸಂಘಟನೆ ಕಟ್ಟಿದ ಕಾಲ

1930ರ ದಶಕದಲ್ಲಿ ಅಮೆರಿಕದಲ್ಲಿ ಭಾರಿ ಆರ್ಥಿಕ ಕುಸಿತ. ಟ್ರಕ್ ಚಾಲಕನಿಗೆ ಹೊತ್ತು ಗೊತ್ತಿಲ್ಲದ ಕೆಲಸ, ಹೊಟ್ಟೆ ತುಂಬದ ಕೂಲಿ. 1934ರಲ್ಲಿ ಮಿನಿಯಾಪೊಲಿಸ್ ನಗರದ ಚಾಲಕರು ಮುಷ್ಕರ ಹೂಡಿದರು. ಜುಲೈ 20ರಂದು ಪೊಲೀಸರು ಗುಂಡು ಹಾರಿಸಿದರು. ಇಬ್ಬರು ಕಾರ್ಮಿಕರು ಸತ್ತರು, ಹತ್ತಾರು ಜನ ಗಾಯಗೊಂಡರು. ಆದರೂ ಮುಷ್ಕರ ಮುರಿಯಲಿಲ್ಲ, ಚಾಲಕರ ಸಂಘಕ್ಕೆ ಮಾನ್ಯತೆ ಸಿಕ್ಕಿತು. ‘ಟೀಮ್‌ಸ್ಟರ್ಸ್’ ಎಂಬ ಚಾಲಕರ ಸಂಘ ದೇಶದ ತುಂಬ ಬೆಳೆದದ್ದು ಇಂಥ ಹೋರಾಟಗಳಿಂದ.

ಮರುವರ್ಷ, 1935ರಲ್ಲಿ, ಮೋಟಾರು ಸಾಗಣೆ ಕಾಯ್ದೆ ಬಂತು. ಯಾವ ಕಂಪನಿ ಯಾವ ದಾರಿಯಲ್ಲಿ ಯಾವ ಮಾಲು ಒಯ್ಯಬೇಕು, ದರ ಎಷ್ಟು ಎಂಬುದಕ್ಕೆಲ್ಲ ಸರ್ಕಾರದ ಆಯೋಗದ ಒಪ್ಪಿಗೆ ಬೇಕಾಯಿತು. ಬಾಡಿಗೆ ದರ ಬಿಗಿಯಾಗಿದ್ದುದರಿಂದ ಕಂಪನಿಗಳು ಒಂದರ ಮೇಲೊಂದು ದರ ಇಳಿಸಿ ಕೂಲಿ ಕತ್ತರಿಸುವುದು ಕಷ್ಟವಾಯಿತು. 1964ರಲ್ಲಿ ಜಿಮ್ಮಿ ಹೋಫಾ ಎಂಬ ಮುಖಂಡನ ಕಾಲದಲ್ಲಿ ಇಡೀ ದೇಶಕ್ಕೆ ಒಂದೇ ಕೂಲಿ ಒಪ್ಪಂದ ಆಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಚಾಲಕರು, ಹಮಾಲರು ಅದರ ಕೆಳಗೆ ಬಂದರು. ಓಡಿಸಿದ ಮೈಲಿಗೆ ಇಷ್ಟು, ಮಾಲು ಇಳಿಸಲು ಕಾದ ತಾಸಿಗೆ ಇಷ್ಟು, ಮುಪ್ಪಿಗೆ ಪಿಂಚಣಿ. ಒಬ್ಬ ಟ್ರಕ್ ಚಾಲಕ ಮನೆ ಕಟ್ಟಿ ಮಕ್ಕಳನ್ನು ಕಾಲೇಜಿಗೆ ಕಳಿಸುವ ಕಾಲ ಅದು.

ಆ ಒಳ್ಳೆಯ ಕಾಲ ಯಾರದು?

ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮಂಥವರು ಇತಿಹಾಸ ಓದುವಾಗ ಕೇಳಲೇಬೇಕಾದ ಪ್ರಶ್ನೆ ಒಂದೈತಿ: ಆ ಪಂಕ್ತಿಯಲ್ಲಿ ಯಾರಿಗೆ ಎಲೆ ಹಾಕಿದ್ದರು?

ದೂರದ ದಾರಿಯ ಟ್ರಕ್ ಓಡಿಸುವುದು ಹೆಚ್ಚು ಪಗಾರದ ಕೆಲಸ. ಆ ಸೀಟಿನಲ್ಲಿ ಕೂಡುತ್ತಿದ್ದವರು ಬಹುತೇಕ ಬಿಳಿಯರೇ. ಕಪ್ಪು ಜನರಿಗೆ ಊರೊಳಗಿನ ಸಣ್ಣ ಗಾಡಿ, ಇಲ್ಲಾಂದರೆ ಗಾಡಿ ತೊಳೆಯುವ ಕೆಲಸ. ಒಂದು ದೊಡ್ಡ ಕಂಪನಿಯ ಲೆಕ್ಕ ಅಲ್ಲಿನ ಸುಪ್ರೀಂ ಕೋರ್ಟಿನ 1977ರ ತೀರ್ಪಿನಲ್ಲೇ ಐತಿ. 1971ರಲ್ಲಿ ಆ ಕಂಪನಿಯಲ್ಲಿ ದೂರದಾರಿ ಚಾಲಕರು 1,828 ಮಂದಿ. ಅವರಲ್ಲಿ ಕಪ್ಪು ಜನ ಎಷ್ಟು? ಎಂಟು. ಆ ಎಂಟೂ ಜನ ಕೇಸು ಬಿದ್ದ ಮೇಲೆ ಸೇರಿದವರು! ಆ ಕೇಸಿನಲ್ಲಿ ಕಂಪನಿಯ ಜೊತೆಗೆ ಸಂಘವೂ ಎದುರುವಾದಿಯಾಗಿತ್ತು. ಕೂಲಿಗಾಗಿ ಗುಂಡು ತಿಂದ ಸಂಘವೇ ಬಣ್ಣದ ವಿಷಯ ಬಂದಾಗ ಬಾಗಿಲಿಗೆ ಅಡ್ಡ ನಿಂತಿತ್ತು.

ಕಾನೂನಿನಲ್ಲೂ ಒಂದು ತೂತು ಉಳಿದಿತ್ತು. 1938ರ ನ್ಯಾಯಯುತ ಕೂಲಿ ಕಾಯ್ದೆ ವಾರಕ್ಕೆ ನಿಗದಿತ ತಾಸಿಗಿಂತ ಹೆಚ್ಚು ದುಡಿದರೆ ಒಂದೂವರೆ ಪಟ್ಟು ಕೂಲಿ ಕೊಡಿಸಿತು. ಆದರೆ ಹೊಲದ ಕೂಲಿಗಳನ್ನು ಹೊರಗಿಟ್ಟರು, ಮನೆಗೆಲಸದವರಿಗೂ ಅದು ದಕ್ಕಲಿಲ್ಲ. ಈ ಎರಡು ಕೆಲಸದಲ್ಲಿ ಆಗ ಕಪ್ಪು ಜನರೇ ಬಹಳ. ರಾಜ್ಯದಿಂದ ರಾಜ್ಯಕ್ಕೆ ಓಡಿಸುವ ಟ್ರಕ್ ಚಾಲಕರನ್ನೂ ಆ ಹೆಚ್ಚುವರಿ ಕೂಲಿಯಿಂದ ಹೊರಗಿಟ್ಟರು. ಅವರ ಕೆಲಸದ ತಾಸು ನೋಡಿಕೊಳ್ಳಲು ಬೇರೆ ಆಯೋಗ ಐತಿ ಎಂಬುದು ಕಾರಣ. ಸಂಘ ಗಟ್ಟಿ ಇದ್ದಷ್ಟು ದಿನ ಆ ತೂತು ಕಾಣಲಿಲ್ಲ.

1980: ಬಾಗಿಲು ತೆರೆಯಿತು, ಡಬ್ಬಿ ಖಾಲಿ

1980ರ ಜುಲೈ 1ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಹೊಸ ಕಾಯ್ದೆಗೆ ಸಹಿ ಹಾಕಿದರು. ಪರವಾನಗಿ ಸಡಿಲ, ದರ ಸಡಿಲ. ಯಾರು ಬೇಕಾದರೂ ಸಾಗಣೆ ಕಂಪನಿ ತೆಗೆಯಬಹುದು ಎಂಬಂತಾಯಿತು. ಹತ್ತೇ ವರ್ಷದಲ್ಲಿ ಕಂಪನಿಗಳ ಸಂಖ್ಯೆ ಎರಡು ಪಟ್ಟಿಗಿಂತ ಹೆಚ್ಚಾಗಿ 40 ಸಾವಿರ ದಾಟಿತು. ಸಾಗಣೆ ಅಗ್ಗವಾಯಿತು, ಅಂಗಡಿಕಾರರಿಗೂ ಗಿರಾಕಿಗಳಿಗೂ ಲಾಭವಾಯಿತು. ಅದನ್ನು ಇಲ್ಲ ಅನ್ನಲಾಗದು. ಆದರೆ ಆ ಅಗ್ಗದ ಭಾರ ಹೊತ್ತವನು ಚಾಲಕ. ಹಳೆಯ ಸಂಘದ ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಹೊಸ ಕಂಪನಿಗಳಲ್ಲಿ ಸಂಘವಿಲ್ಲ, ಓಡಿದ ಮೈಲಿಗೆ ಮಾತ್ರ ಕಾಸು. ಗೋದಾಮಿನ ಮುಂದೆ ಐದು ತಾಸು ಕಾದರೂ ಬಹಳ ಕಡೆ ಪುಗಸಟ್ಟೆ. ಸ್ವತಃ ಟ್ರಕ್ ಓಡಿಸಿ ಆಮೇಲೆ ಪ್ರಾಧ್ಯಾಪಕರಾದ ಮೈಕೆಲ್ ಬೆಲ್ಜರ್ 2000ದಲ್ಲಿ ಇದರ ಮೇಲೆ ಬರೆದ ಪುಸ್ತಕದ ಹೆಸರೇ ಟ್ರಕ್ಕನ್ನು ‘ಗಾಲಿಯ ಮೇಲಿನ ಬೆವರಂಗಡಿ’ ಅನ್ನುತ್ತದೆ.

ಗಮನಿಸಿದಿರಾ? 1977ರ ಹೊತ್ತಿಗೆ ಕಪ್ಪು ಜನರು ಕೋರ್ಟಿನಲ್ಲಿ ಗುದ್ದಾಡಿ ಆ ಸೀಟಿನ ಬಾಗಿಲು ತೆಗೆಸುತ್ತಿದ್ದರು. ಮೂರೇ ವರ್ಷಕ್ಕೆ ಆ ಸೀಟಿನ ಬೆಲೆ ಬೀಳಲು ಶುರುವಾಯಿತು. ನಮ್ಮ ಹುಡುಗರು ಓದಿ ಡಿಗ್ರಿ ತಗೊಂಡು ಬರುವ ಹೊತ್ತಿಗೆ ಸರ್ಕಾರಿ ನೌಕರಿ ಗುತ್ತಿಗೆ ಆದಂಗ.

ಮಾಲೀಕ ಅನ್ನೋ ಹೆಸರು

ಕಡಿಮೆ ಪಗಾರಕ್ಕೆ ಚಾಲಕರು ನಿಲ್ಲಲಿಲ್ಲ, ಬಿಟ್ಟು ಹೋಗತೊಡಗಿದರು. ಆಗ ಕಂಪನಿಗಳ ಕೈಗೆ ಬಂದ ಅಸ್ತ್ರವೇ ‘ಲೀಸ್’. ಹೊಸ ಹುಡುಗನಿಗೆ ಕಂಪನಿಯೇ ತರಬೇತಿ ಕೊಟ್ಟು ಹೆವಿ ಲೈಸೆನ್ಸ್ ಕೊಡಿಸುತ್ತದೆ. ವರ್ಷದೊಳಗೆ ಬಿಟ್ಟರೆ ತರಬೇತಿಯ ಸಾವಿರಾರು ಡಾಲರ್ ವಾಪಸ್ ಕಟ್ಟಬೇಕು. ಆಮೇಲೆ, “ನೌಕರ ಯಾಕಾಗಿರ್ತಿ? ನೀನೇ ಮಾಲೀಕ ಆಗು” ಅಂತ ಗಾಡಿ ಲೀಸಿಗೆ ಕೊಡುತ್ತದೆ. ಗಾಡಿ ಕಂಪನಿಯದು, ಅಥವಾ ಅದರ ಅಣ್ಣ-ತಮ್ಮ ಕಂಪನಿಯದು. ಲೋಡು ಕೊಡುವವರೂ ಅವರೇ. ಬೇರೆಯವರ ಲೋಡು ಹಾಕುವಂತಿಲ್ಲ. ವಾರದ ಹಪ್ತಾ, ಡೀಸೆಲ್, ವಿಮೆ, ರಿಪೇರಿ ನಿಧಿ ಎಲ್ಲಾ ಮುರಿದುಕೊಂಡು ಉಳಿದದ್ದು ಇವನ ಕೈಗೆ.

ಲೆಕ್ಕ ಹಾಕಿ ನೋಡೋಣ. ಅಂಕಿ ತಿಳಿಯಲಿ ಅಂತ ನಾನೇ ಹಾಕಿದ್ದು. ಒಳ್ಳೆ ವಾರ: ಬಾಡಿಗೆ 4,000 ಡಾಲರ್. ಡೀಸೆಲ್ 1,300, ಗಾಡಿ ಹಪ್ತಾ 900, ವಿಮೆ 250, ರಿಪೇರಿ ನಿಧಿ 200, ಇತರೆ 150. ಒಟ್ಟು ಮುರಿತ 2,800, ಕೈಗೆ 1,200. ಪರವಾಗಿಲ್ಲ ಅನಿಸುತ್ತದೆ. ಮುಂದಿನ ವಾರ ಲೋಡು ಕೊಡಲಿಲ್ಲ, ಅಥವಾ ಜ್ವರ ಬಂತು. ಬಾಡಿಗೆ 1,000 ಮಾತ್ರ. ಡೀಸೆಲ್ 300ಕ್ಕೆ ಇಳಿಯಿತು, ರಿಪೇರಿ ನಿಧಿ 50 ಆಯಿತು. ಆದರೆ ಹಪ್ತಾ 900, ವಿಮೆ 250, ಇತರೆ 100 ಕೇಳುವವರು ಕೇಳಿಯೇ ಕೇಳುತ್ತಾರೆ. ಮುರಿತ 1,600. ವಾರವೆಲ್ಲ ದುಡಿದು 600 ಡಾಲರ್ ಸಾಲ! ಲೋಡು ಕೊಡುವುದು ಬಿಡುವುದು ಕಂಪನಿಯ ಕೈಯಲ್ಲಿ, ನಷ್ಟ ಮಾತ್ರ ‘ಮಾಲೀಕ’ನ ತಲೆ ಮೇಲೆ. ಬೇಸತ್ತು ಬಿಟ್ಟರೆ ಗಾಡಿ ಕಂಪನಿಗೆ ವಾಪಸ್, ತುಂಬಿದ ಹಪ್ತಾ ನೀರಿಗೆ. ಅದೇ ಗಾಡಿ ಮುಂದಿನ ಹುಡುಗನಿಗೆ. ನೌಕರ ಅಲ್ಲವಾದ್ದರಿಂದ ಕನಿಷ್ಠ ಕೂಲಿಯೂ ಇಲ್ಲ, ಸಂಘ ಕಟ್ಟುವ ಹಕ್ಕೂ ಇಲ್ಲ.

ಲಾಸ್ ಏಂಜಲೀಸ್ ಬಂದರಿನಲ್ಲಿ ಇದು ಅತಿಗೆ ಹೋಯಿತು. 2008ರಿಂದ ಹೊಗೆ ಉಗುಳುವ ಹಳೆ ಟ್ರಕ್ಕುಗಳನ್ನು ಬಂದರಿಗೆ ಬಿಡುವುದಿಲ್ಲ ಎಂಬ ನಿಯಮ ಬಂತು. ಗಾಳಿಗೆ ಒಳ್ಳೆಯದೇ. ಆದರೆ ಹೊಸ ಗಾಡಿಯ ಖರ್ಚು ಯಾರದು? ಕಂಪನಿಗಳು ಗಾಡಿ ತಂದು ಚಾಲಕರ ತಲೆಗೆ ಲೀಸು ಕಟ್ಟಿದವು. ಚಾಲಕರಲ್ಲಿ ಬಹಳ ಜನ ಸ್ಪ್ಯಾನಿಷ್ ಮಾತಾಡುವ ವಲಸೆಗಾರರು. ಕರಾರು ಇಂಗ್ಲಿಷಿನಲ್ಲಿ. ಸಹಿ ಹಾಕು, ಇಲ್ಲಾ ಮನೆಗೆ ಹೋಗು. 2017ರಲ್ಲಿ ‘ಯುಎಸ್ಎ ಟುಡೇ’ ಪತ್ರಿಕೆ ಇದನ್ನು ಬಯಲಿಗೆಳೆಯಿತು. ಎಲ್ಲಾ ಮುರಿದ ಮೇಲೆ ಒಬ್ಬ ಚಾಲಕನ ಕೈಗೆ ಒಂದು ವಾರದ ದುಡಿಮೆಗೆ ಬಂದದ್ದು 67 ಸೆಂಟ್. ಒಂದು ಡಾಲರೂ ಅಲ್ಲ.

ಇದು ಹಳೆಯ ಹಗ್ಗ

ಅಮೆರಿಕಕ್ಕೆ ಇದು ಹೊಸದಲ್ಲ. 1865ರಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಯಿತು. ಆದರೆ ಬಿಡುಗಡೆಯಾದವರಿಗೆ ಹೊಲ ಸಿಗಲಿಲ್ಲ. ಅದೇ ಧಣಿಯ ಹೊಲವನ್ನು ಪಾಲಿಗೆ ಮಾಡಿದರು. ಬೀಜ, ಕಾಳು, ಬಟ್ಟೆ ಎಲ್ಲ ಸಾಲ. ಸುಗ್ಗಿಯಲ್ಲಿ ಲೆಕ್ಕದ ಪುಸ್ತಕ ಧಣಿಯ ಕೈಯಲ್ಲಿ. ವರ್ಷದ ಕೊನೆಗೆ ಸಾಲ ತೀರುತ್ತಿರಲಿಲ್ಲ.

ನಮಗೂ ಇದು ಹೊಸದಲ್ಲ. ಜತ್ತ, ಅಕ್ಕಲಕೋಟ ಕಡೆಯ ನಮ್ಮ ಮಂದಿ ಕಬ್ಬು ಕಡಿಯಲು ಹೋಗುವಾಗ ಮುಕಾದಮನ ಹತ್ತಿರ ಉಚಲ ಎತ್ತುತ್ತಾರಲ್ಲ, ಗಂಡ-ಹೆಂಡತಿ ಇಬ್ಬರೂ ಸೇರಿ ಲೆಕ್ಕದಲ್ಲಿ ಒಂದೇ ‘ಕೊಯತಾ’ ಆಗುತ್ತಾರಲ್ಲ, ಹಂಗಾಮು ಮುಗಿದರೂ ಬಾಕಿ ಉಳಿದು ಮುಂದಿನ ವರ್ಷಕ್ಕೆ ಎಳೆಯುತ್ತದಲ್ಲ, ಅದರ ಗಣಿತವೂ ಇದೇ. ನಮ್ಮ ಮುತ್ತಜ್ಜಂದಿರನ್ನು ‘ವತನದಾರ’ ಅಂತ ಕರೆದದ್ದೂ ಹೀಗೇ. ಹೆಸರಿಗೆ ವತನದ ಭೂಮಿ, ಅದರ ಬದಲಿಗೆ ಹಗಲೂ ರಾತ್ರಿ ಇಡೀ ಊರಿನ ಚಾಕರಿ. ಬಾಬಾಸಾಹೇಬರು 1928ರಲ್ಲೇ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಇದರ ವಿರುದ್ಧ ಮಸೂದೆ ತಂದರು. ಆ ವತನ ಹೋಗಲು 1958ರ ಕಾಯ್ದೆ ಬರಬೇಕಾಯಿತು. ದೊಡ್ಡ ಹೆಸರು ಕೊಟ್ಟು ಸಣ್ಣ ಕೂಲಿ ಕೊಡುವ ಜಾಣತನ ಎಷ್ಟು ಹಳೆಯದು ನೋಡಿ.

ಬಗ್ಗಿದವರು ಎದ್ದ ಕಥೆ

ಚಾಲಕರು ಸುಮ್ಮನೆ ಕೂಡಲಿಲ್ಲ. ಒಂದು ದೊಡ್ಡ ಕಂಪನಿಯ ಲೀಸ್ ಚಾಲಕರು 2009ರಲ್ಲಿ ‘ನಾವು ಮಾಲೀಕರಲ್ಲ, ನೌಕರರು’ ಅಂತ ಕೋರ್ಟಿಗೆ ಹೋದರು. ಹತ್ತು ವರ್ಷ ಹಿಡಿಯಿತು. 2019ರಲ್ಲಿ ಸುಮಾರು 20 ಸಾವಿರ ಚಾಲಕರಿಗೆ 10 ಕೋಟಿ ಡಾಲರಿನ ರಾಜಿ ಆಯಿತು. ಅದೇ ವರ್ಷ ಜನವರಿ 15ರಂದು ಡೊಮಿನಿಕ್ ಒಲಿವೇರಾ ಎಂಬ ಚಾಲಕನ ಕೇಸಿನಲ್ಲಿ ಸುಪ್ರೀಂ ಕೋರ್ಟು ಒಮ್ಮತದ ತೀರ್ಪು ಕೊಟ್ಟಿತು. ‘ಜಗಳ ಬಂದರೆ ಕೋರ್ಟಿಗೆ ಹೋಗದೆ ನಾವು ಹೇಳಿದ ಪಂಚಾಯತಿಗೆ ಬಾ’ ಎಂಬ ಕರಾರನ್ನು ಆ ಕೇಂದ್ರ ಕಾಯ್ದೆಯ ಬಲದಿಂದ ಇಂಥ ಚಾಲಕರ ಮೇಲೆ ಹೇರಲು ಬರುವುದಿಲ್ಲ, ಅವರನ್ನು ಗುತ್ತಿಗೆದಾರ ಅಂತ ಕರೆದರೂ ಸರಿ, ಅಂದಿತು. 2021ರ ಒಂದು ಕಾಯ್ದೆಯ ಪ್ರಕಾರ ಲೀಸ್ ಪದ್ಧತಿ ಪರೀಕ್ಷಿಸಲು ಸರ್ಕಾರ ಸಮಿತಿ ಮಾಡಿತು. 2025ರ ಜನವರಿಯಲ್ಲಿ ಆ ಸಮಿತಿ ಸಣ್ಣಪುಟ್ಟ ರಿಪೇರಿ ಸಾಲದು, ಇಂಥ ಲೀಸ್-ಖರೀದಿ ಪದ್ಧತಿಯನ್ನೇ ನಿಷೇಧಿಸಿ ಅಂತ ಶಿಫಾರಸು ಮಾಡಿತು. ಶಿಫಾರಸು ಕಾನೂನಲ್ಲ, ನಿಜ. ಆದರೆ ‘ಇದು ನಿನ್ನ ನಸೀಬು’ ಅಂತ ಯಾರೂ ಇನ್ನು ಹೇಳುವಂತಿಲ್ಲ.

ನಮಗೇನು?

ನಮ್ಮ ಓಣಿಯ ಎಷ್ಟು ಹುಡುಗರು ಇವತ್ತು ಸ್ಟೇರಿಂಗ್ ಹಿಡಿದಿದ್ದಾರೆ ಎಣಿಸಿ ನೋಡಿ. ಟ್ರಕ್ಕು, ಟೆಂಪೊ, ಮೊಬೈಲಿನಲ್ಲಿ ಕರೆದರೆ ಬರುವ ಟ್ಯಾಕ್ಸಿ. ‘ನೀನೇ ಮಾಲೀಕ, ನೀನೇ ಪಾರ್ಟ್ನರ್’ ಎಂಬ ಮಾತು ದಿನಾ ಕಿವಿಗೆ ಬೀಳುತ್ತದೆ. ಗಾಡಿ ತಗೋಬೇಡಿ ಅಂತ ನಾನು ಹೇಳುತ್ತಿಲ್ಲ. ಸ್ವಂತ ಗಾಡಿ ಇರಬೇಕೆಂಬ ಆಸೆ ತಪ್ಪಲ್ಲ. ಪೀಳಿಗೆಗಟ್ಟಲೆ ಏನೂ ಇಲ್ಲದವರಿಗೆ ಆ ಆಸೆ ಜಾಸ್ತಿಯೇ ಇರುತ್ತದೆ, ಅದನ್ನೇ ಅವರು ಹಿಡಿಯುವುದು. ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಆರ್‌ಸಿ ಯಾರ ಹೆಸರಿನಲ್ಲಿ? ಬಾಡಿಗೆ ಕೊಡುವವರು ಯಾರು, ಬೇರೆ ಕಡೆ ಹೋಗಲು ಬಿಡುತ್ತಾರಾ? ಲೆಕ್ಕದ ಪುಸ್ತಕ ಯಾರ ಕೈಯಲ್ಲಿ? ನಡುವೆ ಬಿಟ್ಟರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ? ಕರಾರು ನಿಮಗೆ ಬಾರದ ಭಾಷೆಯಲ್ಲಿದ್ದರೆ ಓದಿ ಹೇಳುವವರು ಸಿಗುವ ತನಕ ಪೆನ್ನು ಮುಟ್ಟಬೇಡಿ. ನಮ್ಮ ಸಂಘದ ಕೋಣೆ ಸಂಜೆ ತೆರೆದೇ ಇರುತ್ತದೆ.

ಕಾನೂನು ನಮ್ಮಲ್ಲೂ ಐತಿ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಅನ್ನುತ್ತಿತ್ತು. 1976ರ ಜೀತ ನಿರ್ಮೂಲನಾ ಕಾಯ್ದೆ, ಮುಂಗಡದ ಹೆಸರಿನಲ್ಲಿ ಮನುಷ್ಯನನ್ನು ಕಟ್ಟಿ ಹಾಕುವುದು ಅಪರಾಧ, ಆ ಸಾಲವೇ ರದ್ದು ಅನ್ನುತ್ತದೆ. ಆದರೆ ಕಾನೂನು ತಾನಾಗಿ ಎದ್ದು ಬರುವುದಿಲ್ಲ. ಅಮೆರಿಕದ ಚಾಲಕರ ಕಥೆ ಹೇಳುವುದೂ ಅದನ್ನೇ. ಒಟ್ಟಾಗಿದ್ದಾಗ ಕೂಲಿ ಏರಿತು, ಒಬ್ಬೊಬ್ಬರೇ ‘ಮಾಲೀಕ’ರಾದಾಗ ಮುಳುಗಿದರು, ಮತ್ತೆ ಒಟ್ಟಾದಾಗ ಲೆಕ್ಕ ಕೇಳಿದರು. ಮತ್ತೆ ಒಂದು ಮಾತು: ಒಟ್ಟಾಗುವಾಗ ಯಾರನ್ನೂ ಬಾಗಿಲ ಹೊರಗೆ ನಿಲ್ಲಿಸಬಾರದು.

ಈ ಬರಹ ಮುಗಿಸಿ ಕಾಕಾನಿಗೆ ಓದಿ ಹೇಳಿದೆ. 67 ಸೆಂಟಿನ ಚಾಲಕನ ಮಾತು ಬಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅವಂಗೂ ಮನಿಯಾಗ ಪೇಢೆ ಹಂಚಿರಬೇಕು, ಮೊದಲನೇ ದಿನ” ಅಂದರು.