ಮೆಣಸೂ ಮೆಣಸಿನಕಾಯಿಯೂ

ಕನ್ನಡನಾಡಿನ ಅಡಿಗೆಯಲ್ಲಿ ಇಂದು ಖಾರವೆಂದರೆ ಮೆಣಸಿನಕಾಯಿಯೇ. ಆದರೆ ಇದರ ತವರು ಅಮೆರಿಕಾ ಖಂಡ. 1498ರಲ್ಲಿ ಕಲ್ಲಿಕೋಟೆಯನ್ನು ಮುಟ್ಟಿ, 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರ ಹಡಗುಗಳಿಂದ ಇದು ಇತ್ತ ಬಂದಿತು. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಪಾಕಗಳಲ್ಲಿ ಮೆಣಸು, ಶುಂಠಿಗಳುಂಟು, ಮೆಣಸಿನಕಾಯಿಯ ಸುಳಿವೇ ಇಲ್ಲ. ವೈದ್ಯರ ತ್ರಿಕಟುವಾದರೂ ಶುಂಠಿ, ಹಿಪ್ಪಲಿ, ಮೆಣಸುಗಳೇ.

ಮೆಣಸನ್ನು ಕೊಳ್ಳಬಂದವರೇ ಅದರ ಪ್ರತಿಸ್ಪರ್ಧಿಯನ್ನು ತಂದುದು ವಿಚಿತ್ರವು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ಯೆಂದು ಕರೆದವರೂ ಅವರೇ. ಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆಯೂ ಆಸರೆಯ ಮರವೂ ಬೇಕು. ಫಲಕ್ಕಾಗಿ ಕೆಲವು ವರ್ಷ ಕಾಯಬೇಕು. ಬಂದ ಫಲವು ಪರದೇಶಕ್ಕೆ ಹೋಗುವಷ್ಟು ಬೆಲೆಯುಳ್ಳದ್ದು. ಮೆಣಸಿನಕಾಯಿಯ ಗಿಡವಾದರೋ ಬಯಲುಸೀಮೆಯ ಹೊಲದಲ್ಲಿ ಕೆಲವೇ ತಿಂಗಳಲ್ಲಿ ಫಲಿಸುವುದು. ಆದಕಾರಣ ಬಡವನ ರೊಟ್ಟಿಗೂ ಖಾರವು ಸುಲಭವಾಗಿ ಒದಗಿತು. ಬ್ಯಾಡಗಿಯಂಥ ಊರಿಗೆ ಅದರಿಂದಲೇ ಹೆಸರು ಬಂದಿತು.

ಹೊಸದು ಹಳೆಯದರ ಸ್ಥಾನವನ್ನಷ್ಟೇ ಅಲ್ಲ, ಹೆಸರನ್ನೂ ತೆಗೆದುಕೊಂಡಿತು. ಬರಿಯ ‘ಮೆಣಸು’ ಆಗಿದ್ದುದು ‘ಕರಿಮೆಣಸು’, ‘ಒಳ್ಳೆಮೆಣಸು’ ಎಂದು ವಿಶೇಷಣವನ್ನು ಹೊರಬೇಕಾಯಿತು. ಆದರೂ ಅನೇಕ ಮನೆತನಗಳಲ್ಲಿ ಶ್ರಾದ್ಧದ ಅಡಿಗೆಗೆ ಇಂದಿಗೂ ಮೆಣಸಿನಕಾಯಿ ಸಲ್ಲದು. ಪೂರ್ವಿಕರು ಕಾಣದ ಖಾರವನ್ನು ಅವರ ಎಲೆಗೆ ಬಡಿಸುವುದಿಲ್ಲ. ಹೆಸರನ್ನು ಕಳೆದುಕೊಂಡ ಮೆಣಸಿಗೆ ಆ ದಿನವಾದರೂ ತನ್ನ ಹಿಂದಿನ ಸ್ಥಾನವು ದೊರೆಯುವುದು.