ಬುಕಾನನ್ ಕಂಡ ಕನ್ನಡ ನಾಡಿನ ಸಸ್ಯಸಂಪತ್ತು

ಕನ್ನಡ ನಾಡಿನ ಗಿಡಮರಗಳನ್ನೂ ಬೆಳೆಗಳನ್ನೂ ಊರಿಂದೂರಿಗೆ ಸಂಚರಿಸಿ ನೋಡಿ, ಕಂಡದ್ದನ್ನು ಅಂದಂದೇ ಬರೆದಿಟ್ಟ ಆರಂಭಕಾಲದ ಸಸ್ಯಶಾಸ್ತ್ರಜ್ಞರಲ್ಲಿ ಫ್ರಾನ್ಸಿಸ್ ಬುಕಾನನ್ ಪ್ರಮುಖನು. 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದ ಈತ ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರವನ್ನು ಓದಿ, ಜಾನ್ ಹೋಪ್ ಎಂಬ ಪ್ರಸಿದ್ಧ ಆಚಾರ್ಯನಿಂದ ಸಸ್ಯಶಾಸ್ತ್ರವನ್ನೂ ಕಲಿತನು. ಔಷಧಗಳು ಬಹುಮಟ್ಟಿಗೆ ಗಿಡಮೂಲಿಕೆಗಳಿಂದಲೇ ತಯಾರಾಗುತ್ತಿದ್ದ ಆ ಕಾಲದಲ್ಲಿ ವೈದ್ಯನಿಗೆ ಸಸ್ಯಗಳ ಗುರುತು ಅಗತ್ಯವಾಗಿತ್ತು. ಹಡಗುಗಳಲ್ಲಿ ಶಸ್ತ್ರವೈದ್ಯನಾಗಿದ್ದು, ಬಳಿಕ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿದ ಬುಕಾನನ್, 1795ರಲ್ಲಿ ಬರ್ಮಾಕ್ಕೆ ಹೋದ ರಾಯಭಾರಿ ತಂಡದೊಂದಿಗೆ ತೆರಳಿ ಅಲ್ಲಿಯೂ ಸಸ್ಯಗಳನ್ನು ಸಂಗ್ರಹಿಸಿದನು.

1799ರ ಮೇ 4ರಂದು ಶ್ರೀರಂಗಪಟ್ಟಣವು ಪತನವಾಗಿ ಟಿಪ್ಪು ಸುಲ್ತಾನನು ಮಡಿದ ಮೇಲೆ, ತಮ್ಮ ಹಿಡಿತಕ್ಕೆ ಬಂದ ನಾಡಿನಲ್ಲಿ ಏನು ಬೆಳೆಯುತ್ತದೆ, ಯಾವುದರಿಂದ ಎಷ್ಟು ಆದಾಯ ಬರಬಹುದು ಎಂಬುದನ್ನು ತಿಳಿಯುವುದು ಆಂಗ್ಲರಿಗೆ ಅವಶ್ಯವಾಯಿತು. ಗವರ್ನರ್ ಜನರಲ್ ವೆಲ್ಲೆಸ್ಲಿಯು ಈ ಸಮೀಕ್ಷೆಗೆ ಬುಕಾನನ್‌ನನ್ನು ನೇಮಿಸಿ, ವ್ಯವಸಾಯ, ದನಕರು, ಹತ್ತಿ, ಕಾಳುಮೆಣಸು, ಶ್ರೀಗಂಧ, ಏಲಕ್ಕಿ, ಗಣಿ, ಕೈಕಸುಬುಗಳನ್ನು ಪರಿಶೀಲಿಸುವುದರ ಜೊತೆಗೆ, ಉಪಯುಕ್ತವೂ ಅಪರೂಪವೂ ಆದ ಗಿಡಗಳನ್ನು, ಬೀಜಗಳನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಕಳುಹಿಸಬೇಕೆಂದು ಆಜ್ಞಾಪಿಸಿದನು. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ ಬುಕಾನನ್ ಮೈಸೂರು ಸೀಮೆ, ಕೊಯಮತ್ತೂರು, ಮಲಬಾರುಗಳನ್ನು ಸುತ್ತಿ, ಕನ್ನಡ ಕರಾವಳಿಯಲ್ಲಿ ಮಂಗಳೂರಿನಿಂದ ಉತ್ತರಕ್ಕೆ ಸಾಗಿ, ಘಟ್ಟವನ್ನೇರಿ ಸೋಂದಾ, ಶಿರಸಿ, ಬನವಾಸಿ, ಇಕ್ಕೇರಿಗಳನ್ನು ಹಾದು, 1801ರಲ್ಲಿ ಮದರಾಸಿಗೆ ಹಿಂದಿರುಗಿದನು.

ಈ ಸಂಚಾರದಲ್ಲಿ ಬುಕಾನನ್ ಸಸ್ಯ ಮಾದರಿಗಳನ್ನೂ ಕೂಡಿಸಿದನು. ಸಸ್ಯ ಮಾದರಿ ಎಂದರೆ ಹೂವು ಅಥವಾ ಕಾಯಿ ಇರುವ ರೆಂಬೆಯನ್ನು ಕಾಗದಗಳ ನಡುವೆ ಅದುಮಿ ಒಣಗಿಸಿ, ದೊರೆತ ಸ್ಥಳ ಮತ್ತು ದಿನಾಂಕಗಳನ್ನು ಬರೆದು ಕಾಪಾಡಿದ ವಸ್ತು. ಇಂಥ ಮಾದರಿಗಳ ಭಂಡಾರಕ್ಕೆ ಹರ್ಬೇರಿಯಂ ಎಂದು ಹೆಸರು. ಆದರೆ ಬುಕಾನನ್‌ನ ಹೆಚ್ಚುಗಾರಿಕೆಯು ಮಾದರಿಗಳಲ್ಲಿ ಮಾತ್ರವಲ್ಲದೆ, ಗಿಡವನ್ನು ಅದನ್ನು ಬೆಳೆಯುವ ಜನರ ಬದುಕಿನಿಂದ ಬೇರ್ಪಡಿಸದೆ ನೋಡಿದುದರಲ್ಲಿಯೂ ಇದೆ.

ಇದಕ್ಕೆ ರಾಗಿಯ ವಿವರಣೆಯೇ ಉತ್ತಮ ನಿದರ್ಶನ. ರಾಗಿಯು ಸಾಸಿವೆಯಂತೆ ಸಣ್ಣ ಕಾಳಿನ, ಮಳೆಯಾಶ್ರಯದ ಹೊಲಗಳಲ್ಲಿ ಬೆಳೆಯುವ ಧಾನ್ಯವಾಗಿದ್ದು, ಅದರ ಹಿಟ್ಟನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ತೊಳಸಿ ಮುದ್ದೆ ಕಟ್ಟುತ್ತಾರೆ. ಇದು ಮೈಸೂರು ಸೀಮೆಯ ಸಾಮಾನ್ಯ ಜನರ ಮುಖ್ಯ ಆಹಾರವೆಂಬುದನ್ನು ಬುಕಾನನ್ ಮನಗಂಡು, ಕರಿ, ಕೆಂಪು ಮೊದಲಾದ ರಾಗಿಯ ಬಗೆಗಳು, ಉಳುಮೆ, ಗೊಬ್ಬರ, ಕೂರಿಗೆಯಿಂದ ಸಾಲು ಹಿಡಿದು ಬಿತ್ತುವ ಕ್ರಮ, ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿಗಳನ್ನು ಹಾಕುವ ಪದ್ಧತಿ, ಕೊಯ್ದ ಕಾಳನ್ನು ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಕೆಡದಂತೆ ಇಡುವ ಜಾಣ್ಮೆ, ಇವೆಲ್ಲವನ್ನೂ ದಾಖಲಿಸಿದನು. ಒಂದು ಬೆಳೆ ಕೈಕೊಟ್ಟರೂ ಇನ್ನೊಂದು ಉಳಿಯಲೆಂದು ಯೋಚಿಸಿ ಅಕ್ಕಡಿ ಸಾಲು ಹಿಡಿದ ರೈತನ ವಿವೇಕವು ಯಾವ ವಿಶ್ವವಿದ್ಯಾಲಯದ ಪಾಂಡಿತ್ಯಕ್ಕೂ ಕಡಿಮೆಯದಲ್ಲ.

ಬೆಂಗಳೂರಿನಲ್ಲಿ ಹೈದರ್ ಮತ್ತು ಟಿಪ್ಪು ಬೆಳೆಸಿದ ತೋಟಗಳನ್ನು ನೋಡಿದ ಬುಕಾನನ್, ಚೌಕ ಮಡಿಗಳು, ಸೈಪ್ರೆಸ್ ಮರಗಳ ಅಂಚುಳ್ಳ ಕಾಲುದಾರಿಗಳು ಮತ್ತು ಹಣ್ಣಿನ ಗಿಡಗಳನ್ನು ಕುರಿತು ಬರೆದನು. ಮಲೆನಾಡಿನಲ್ಲಿ ಹವ್ಯಕರು ಅಡಿಕೆ, ವೀಳ್ಯದೆಲೆ, ಕಾಳುಮೆಣಸು, ಏಲಕ್ಕಿಗಳನ್ನು ಒಂದೇ ತೋಟದಲ್ಲಿ ಬೆಳೆಯುತ್ತಿದ್ದ ರೀತಿಯೂ ಆ ಬರಹದಲ್ಲಿ ಸ್ಥಾನ ಪಡೆಯಿತು. ಕನ್ನಡ ಬಾರದ ಈತನು ದುಭಾಷಿಗಳನ್ನೇ ನೆಚ್ಚಬೇಕಾಗಿದ್ದುದರಿಂದ ಕೆಲವು ತೀರ್ಮಾನಗಳು ಅವಸರದವೂ ಕಠೋರವೂ ಆದವು. ಬರೆದದ್ದು ಆಳುವವರಿಗಾಗಿ ಎಂಬುದನ್ನೂ ಓದುಗರು ಮರೆಯುವಂತಿಲ್ಲ.

ಈ ಪ್ರವಾಸಕಥನವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ನೇಪಾಳ ಮತ್ತು ಬಂಗಾಳಗಳಲ್ಲಿಯೂ ದುಡಿದ ಬುಕಾನನ್, 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾಗಿ, ಮರುವರ್ಷವೇ ಸ್ವದೇಶಕ್ಕೆ ಮರಳಿ, ತಾಯಿಯ ಕಡೆಯ ಆಸ್ತಿಯೊಂದಿಗೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಪಡೆದು, 1829ರಲ್ಲಿ ನಿಧನನಾದನು. ಗಂಗಾನದಿಯ ಮೀನುಗಳನ್ನು ಕುರಿತ ಈತನ ಗ್ರಂಥ 1822ರಲ್ಲಿ ಹೊರಬಂದಿದ್ದು, ಇಂದು ಕರ್ನಾಟಕದ ಕೆರೆಗಳಲ್ಲಿ ಸಾಕುವ ರೋಹು, ಕಾಟ್ಲಾ ಮೀನುಗಳ ವೈಜ್ಞಾನಿಕ ನಾಮಗಳ ಜೊತೆಗೆ ಹ್ಯಾಮಿಲ್ಟನ್ ಎಂಬ ಹೆಸರು ಸೇರಿಕೊಂಡಿದೆ.

ಮೈಸೂರು ಮತ್ತು ನೇಪಾಳಗಳಲ್ಲಿ ಕೂಡಿಸಿದ ಮಾದರಿಗಳನ್ನು ಬುಕಾನನ್ ತನ್ನ ಮಿತ್ರನಾದ ಜೇಮ್ಸ್ ಎಡ್ವರ್ಡ್ ಸ್ಮಿತ್‌ಗೆ ಕೊಟ್ಟನು. ಸ್ಮಿತ್‌ನ ಸಂಗ್ರಹವು ಇಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿದೆ. ಹೀಗೆ ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗಿಂತ ಬಹು ಮೊದಲೇ ಕನ್ನಡ ನಾಡಿನ ಸಸ್ಯಗಳು ಆ ದೇಶವನ್ನು ಸೇರಿದ್ದವು. ಮಾದರಿಗಳೊಂದಿಗೆ ಬುಕಾನನ್‌ನ ಹೆಸರು ಉಳಿಯಿತು. ಗಿಡಗಳ ಗುಣವನ್ನೂ ಬೇಸಾಯದ ಕ್ರಮವನ್ನೂ ಹೇಳಿಕೊಟ್ಟ ರೈತರಲ್ಲಿ ಬಹುಪಾಲು ಜನರ ಹೆಸರು ಉಳಿಯಲಿಲ್ಲ. ಈ ಕಥನದಲ್ಲಿ ಊರೂರಿನ ವಿವರವೂ ಇರುವುದರಿಂದ, ವಿದೇಶದಲ್ಲಿ ಬೆಳೆಯುತ್ತಿರುವ ಮಕ್ಕಳೊಂದಿಗೆ ಹಿರಿಯರು ತಮ್ಮ ಸೀಮೆಯ ಪುಟಗಳನ್ನು ಹುಡುಕಿ ಓದಿ, ಅಲ್ಲಿ ಹೆಸರಿಸಿದ ಬೆಳೆಗಳಲ್ಲಿ ಈಗಲೂ ಊರಿನಲ್ಲಿ ಯಾವುವು ಉಳಿದಿವೆ ಎಂದು ಅಜ್ಜ ಅಜ್ಜಿಯರನ್ನು ಕೇಳುವಂತೆ ಮಾಡಿದರೆ, ಬುಕಾನನ್ ಬರೆಯದೆ ಬಿಟ್ಟ ಭಾಗವನ್ನು ಆ ಮನೆಯವರೇ ತುಂಬಬಹುದು.